ಬಿಡ್ತು ಅನ್ನು

ಡಿಎಲ್ ರಿನ್ಯೂವಲ್‌ಗೆ ಅರ್ಜಿ ತುಂಬುತ್ತಾ ಕೂತಿದ್ದೆ. ಅದರಲ್ಲೊಂದು ಪುಟ್ಟ ಚೌಕ. ಅಪಘಾತದಲ್ಲಿ ಸತ್ತರೆ ಅಂಗಾಂಗ ದಾನಕ್ಕೆ ಒಪ್ಪಿಗೆಯಾ ಅಂತ. ಒಂದು ಟಿಕ್ ಅಷ್ಟೇ ಅಲ್ವಾ, ಆದರೂ ಬೆರಳು ಸುಮ್ನೆ ಅಲ್ಲೇ ನಿಂತುಬಿಟ್ಟಿತು.

ಆಮೇಲೆ ಒತ್ತಿದೆ.

ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಮ್ಮನಿಗೆ ಹೇಳಿದೆ. "ಬಿಡ್ತು ಅನ್ನು" ಅಂದಳು. ಅಂದೆ. ಹೇಳದೆ ಇರೋ ಹಾಗೂ ಇರಲಿಲ್ಲ, ಯಾಕಂದ್ರೆ ನಾನು ಎಷ್ಟೇ ಟಿಕ್ ಹಾಕಿದರೂ ಆ ಹೊತ್ತಿಗೆ ಮನೆಯವರು ಒಪ್ಪದಿದ್ದರೆ ನಮ್ಮಲ್ಲಿ ಏನೂ ಆಗಲ್ಲ. 2021ರಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಹೋದಾಗಲೂ ಅಂಗಾಂಗ ದಾನಕ್ಕೆ ಹೂಂ ಅಂದಿದ್ದು ಅವರ ಮನೆಯವರೇ.

ಅಮ್ಮ ಜಾಸ್ತಿ ಮಾತಾಡಲಿಲ್ಲ. ಹುರುಳಿಕಾಯಿ ಮುಗಿದ ಮೇಲೆ ಕೇಳಿದಳು: "ನನ್ನ ಹತ್ರ ಲೈಸೆನ್ಸೇ ಇಲ್ವಲ್ಲೋ, ನಾನೆಲ್ಲಿ ಬರೆದುಕೊಡೋದು?"