ವೇಬ್ರಿಜ್ ಚೀಟಿ ತೋರಿಸು, ಆಮೇಲೆ ಜೀಪ್ ಕಟ್ಟು

ಅಕ್ಕನ ಮಗ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಹೋದ ಮಳೆಗಾಲದಲ್ಲಿ ಮೂರು ವಾರಕ್ಕೆ ಅಂತ ಊರಿಗೆ ಬಂದಿದ್ದ. ತೀರ್ಥಹಳ್ಳಿ ಕಡೆಯ ಜುಲೈ ಗೊತ್ತಲ್ಲ, ಕರೆಂಟು ಇರುವುದಿಲ್ಲ, ತೋಟಕ್ಕೆ ಔಷಧಿ ಹೊಡೆಯೋಣ ಅಂದರೆ ಮಳೆ ಒಂದು ಗಂಟೆಯೂ ಬಿಡುವು ಕೊಡುವುದಿಲ್ಲ, ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಮುರಿಯುವುದೇ ಕೆಲಸ. ಹಾಗೆ ಕೂತಿದ್ದಾಗ ಮೊಬೈಲಿನಲ್ಲಿ ಒಂದು ಗಾಡಿಯ ಫೋಟೋ ತೋರಿಸಿದ. ಬಸ್ಸಿನಷ್ಟು ಉದ್ದ. ಒಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲ ಇದೆ. ಮೋಟರ್‌ಹೋಮ್ ಅಂತೆ. ಸೆಕೆಂಡ್ ಹ್ಯಾಂಡ್, ಊರಿಗೆ ಹೊರಡುವ ಮೊದಲಷ್ಟೇ ತೆಗೆದುಕೊಂಡಿದ್ದಾನೆ.

"ಮಾವ, ಇದರ ಹಿಂದೆ ನಮ್ಮ ಜೀಪ್ ಕಟ್ಟಿಕೊಂಡು ಹೋಗೋದು. ಕ್ಯಾಂಪಲ್ಲಿ ಇದನ್ನ ನಿಲ್ಲಿಸಿ ಜೀಪಲ್ಲಿ ಸುತ್ತೋದು. ಇಲ್ಲಾಂದ್ರೆ ಒಂದು ಲೀಟರ್ ಹಾಲಿಗೂ ಇಡೀ ಮನೆ ಹೊರಡಿಸಬೇಕು."

ಅದೂ ಸರಿಯೇ. ಎಷ್ಟು ತೂಕ ಎಳೆಯುತ್ತೆ ಅಂದೆ. ಹಿಂದಿನ ಹಿಚ್ ಮೇಲೆ, ಅಂದರೆ ಎಳೆಯೋ ಗಾಡಿ ಸಿಕ್ಕಿಸುವ ಕೊಂಡಿಯ ಮೇಲೆ, 5,000 ಪೌಂಡ್ ಅಂತ ಬರೆದಿದೆ, ಜೀಪ್ 4,450 ಪೌಂಡ್, ಆರಾಮ ಅಂದ. ನಮ್ಮ ಲೆಕ್ಕದಲ್ಲಿ 5,000 ಪೌಂಡ್ ಅಂದರೆ ಹತ್ತಿರ ಹತ್ತಿರ 2,270 ಕೆಜಿ.

"ವೇಬ್ರಿಜ್ ಚೀಟಿ ಎಲ್ಲಿ?"

ನಕ್ಕುಬಿಟ್ಟ. "ಅದೇನು ಅಡಿಕೆ ಮೂಟೆನಾ ಮಾವ?"

ನಗು ಬರಲಿ ಬಿಡಿ. ನನಗೆ ಆ ಪ್ರಶ್ನೆ ಬಾಯಿಗೆ ಬಂದದ್ದು ಅಡಿಕೆಯಿಂದ ಅಲ್ಲ, ಜಂಬಿಟ್ಟಿಗೆ ಕಲ್ಲಿನಿಂದ. ಹದಿನೈದು ವರ್ಷದ ಹಿಂದೆ ಕೊಟ್ಟಿಗೆ ಕಟ್ಟಿಸುವಾಗ ಟ್ರ್ಯಾಕ್ಟರಿನಲ್ಲಿ ಕಲ್ಲು ತರಿಸಿದ್ದೆ. ಒಂದೇ ಟ್ರಿಪ್ಪಿಗೆ ಮುಗಿಯಲಿ ಅಂತ ನೂರೈವತ್ತು ಕಲ್ಲು ಹೇರಿಸಿದೆ. ಕಲ್ಲೊಂದಕ್ಕೆ ಮೂವತ್ತು ಕೆಜಿ ಹಿಡಿದರೂ ನಾಲ್ಕೂವರೆ ಟನ್ ಆಯ್ತು. ಟ್ರ್ಯಾಕ್ಟರ್ ಎರಡು ಟನ್ ಇದ್ದರೆ ಹೆಚ್ಚು. ರಸ್ತೆಯಲ್ಲಿ ಏನೂ ತೊಂದರೆ ಆಗಲಿಲ್ಲ, ಏರಿನಲ್ಲೂ ಗುರ್ ಅಂತ ಹತ್ತಿತು. ನಮ್ಮ ಮನೆಗೆ ಇಳಿಯುವ ಮಣ್ಣಿನ ಇಳಿಜಾರು ಇದೆಯಲ್ಲ, ಅಲ್ಲಿ ಡ್ರೈವರ್ ಬ್ರೇಕ್ ಒತ್ತಿದ. ಟ್ರ್ಯಾಕ್ಟರಿನ ಚಕ್ರ ನಿಂತಿತು. ಟ್ರೈಲರ್ ನಿಲ್ಲಲಿಲ್ಲ. ಅದಕ್ಕೆ ಬ್ರೇಕೇ ಇಲ್ಲ, ಅದು ಯಾಕೆ ನಿಲ್ಲುತ್ತೆ? ಹಿಂದಿನಿಂದ ತಳ್ಳುತ್ತಾ ಬಂದು ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿತು. ಮಡ್‌ಗಾರ್ಡ್ ಮೇಲೆ ಕೂತಿದ್ದ ನಾನು ಯಾವ ಕಡೆ ಹಾರಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಧರೆಗೆ ಗುದ್ದಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ, ನನ್ನ ಮೊಣಕಾಲು ಮಾತ್ರ ಪ್ರತಿ ಆಷಾಢದಲ್ಲೂ ನೆನಪಿಸುತ್ತೆ.

ಎಳೆಯೋದು ಎಂಜಿನ್ನಿನ ವಿಷಯ. ನಿಲ್ಲಿಸೋದು ಬೇರೆ ವಿಷಯ. ಹಿಚ್ ಮೇಲಿನ ನಂಬರ್ ಈ ಎರಡನ್ನೂ ಹೇಳುವುದಿಲ್ಲ, ಆ ಕಬ್ಬಿಣ ಎಷ್ಟು ತಡೆಯುತ್ತೆ ಅನ್ನೋದನ್ನಷ್ಟೇ ಹೇಳುತ್ತೆ.

ಸರಿ, ಡ್ರೈವರ್ ಸೀಟಿನ ಹತ್ತಿರ ತೂಕದ ಪಟ್ಟಿ ಅಂಟಿಸಿರುತ್ತಾರಲ್ಲ, ಅದರ ಫೋಟೋ ಇದೆಯಾ ಅಂದೆ. ಇತ್ತು. ಎರಡು ನಂಬರ್ ಮುಖ್ಯ. ಒಂದು ಜಿವಿಡಬ್ಲ್ಯುಆರ್, ಅಂದರೆ ಗಾಡಿ ತನ್ನ ಸಾಮಾನು, ನೀರು, ಜನ ಎಲ್ಲ ಸೇರಿ ಗರಿಷ್ಠ ಎಷ್ಟು ತೂಗಬಹುದು ಅನ್ನೋದು. ಅವನದ್ದು 22,000 ಪೌಂಡ್. ಇನ್ನೊಂದು ಜಿಸಿಡಬ್ಲ್ಯುಆರ್, ಗಾಡಿ ಮತ್ತು ಅದರ ಹಿಂದೆ ಕಟ್ಟಿದ್ದು ಎರಡೂ ಸೇರಿ ಎಷ್ಟು ಅನ್ನೋದು. ಅದು 26,000. ಸೊಸೈಟಿ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಗಾಡಿ ಪೂರ್ತಿ ತುಂಬಿ 22,000 ಮುಟ್ಟಿತು ಅಂದರೆ ಹಿಂದೆ ಎಳೆಯೋಕೆ ಉಳಿಯೋದು 4,000 ಮಾತ್ರ. ಹಿಚ್ ಮೇಲೆ 5,000 ಅಂತ ಬರೆದುಕೊಂಡು ಏನು ಮಾಡ್ತೀಯ? ಯಾವುದು ಕಡಿಮೆಯೋ ಅದೇ ನಿನ್ನ ಮಿತಿ.

"ಆದ್ರೆ ಗಾಡಿ ಖಾಲಿ ಇದ್ದಾಗ 18,500 ಅಂತೆ ಮಾವ."

ಈ ಖಾಲಿ ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಮರುದಿನ ಮಳೆ ಸ್ವಲ್ಪ ಹಿಡಿದಾಗ ಅವನನ್ನ ನಮ್ಮ ಪಿಕಪ್‌ನಲ್ಲಿ ಕೂರಿಸಿಕೊಂಡು ಪೇಟೆಯ ವೇಬ್ರಿಜ್‌ಗೆ ಹೋದೆ. ಹಿಂದೆ ಒಂದು ಮೂಟೆಯೂ ಇಲ್ಲ. ಪ್ಲೇಟಿನ ಮೇಲೆ ಹತ್ತಿಸಿ, ಚೀಟಿ ತೆಗೆಸಿ, ಆರ್‌ಸಿ ಪಕ್ಕ ಇಟ್ಟು ತೋರಿಸಿದೆ. ಆರ್‌ಸಿಯಲ್ಲಿ ಬರೆದ ಖಾಲಿ ತೂಕಕ್ಕಿಂತ 240 ಕೆಜಿ ಜಾಸ್ತಿ! ಅವನಿಗೆ ನಂಬಿಕೆಯೇ ಬರಲಿಲ್ಲ. ನಾವಿಬ್ಬರೇ ನೂರೈವತ್ತು ಕೆಜಿ ಕಣೋ ಅಂದೆ. ಆಮೇಲೆ ಮೇಲಿಂದ ಹಾಕಿಸಿದ ಕಬ್ಬಿಣದ ಗ್ರಿಲ್, ನೆನೆದ ಟಾರ್ಪಾಲು, ಎಕ್ಸ್‌ಟ್ರಾ ಜಾಕಿ, ಹಗ್ಗ, ಯಾವಾಗಲೋ ಹಾಕಿ ಮರೆತ ಹಾರೆ. ಟಾರ್ಪಾಲು ಒದ್ದೆಯಾದರೆ ಎಷ್ಟು ಭಾರ ಅಂತ ಅದನ್ನ ಎತ್ತಿದವರಿಗೇ ಗೊತ್ತು. ಇನ್ನು ಓವರ್‌ಲೋಡಿನಲ್ಲಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಆದಮೇಲೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಇನ್ನೂ 2,000. ವೇಬ್ರಿಜ್ ಚೀಟಿಯ ದುಡ್ಡು ಅದರ ಮುಂದೆ ಏನೂ ಅಲ್ಲ.

ವಾಪಸ್ ಬರುವಾಗ ಅವನೇ ಲೆಕ್ಕ ಹಾಕತೊಡಗಿದ. ನೀರಿನ ಟ್ಯಾಂಕ್ 80 ಗ್ಯಾಲನ್, ಅಂದರೆ 300 ಲೀಟರ್, ಲೀಟರಿಗೆ ಕೆಜಿ ಹಿಡಿದರೆ ಅದೇ 300 ಕೆಜಿ, ಪೌಂಡಿನಲ್ಲಿ 660ರ ಮೇಲೆ. ಪೆಟ್ರೋಲ್ ಟ್ಯಾಂಕೂ ಅಷ್ಟೇ ದೊಡ್ಡದು, ಪೆಟ್ರೋಲು ನೀರಿಗಿಂತ ಹಗುರ ಆದರೂ ಅದೊಂದು 480 ಪೌಂಡ್. ಗ್ಯಾಸ್ ಸಿಲಿಂಡರ್, ನಾಲ್ಕು ಜನ, ಎರಡು ಸೈಕಲ್. ಆಮೇಲೆ ಅಕ್ಕ ಅವನ ಕೈಯಲ್ಲಿ ಹೋದ ಸಲ ಕಳಿಸಿದ್ದ ವೆಟ್ ಗ್ರೈಂಡರ್ ಬೇರೆ. ಕಾಡಿನ ಮಧ್ಯೆ ಕ್ಯಾಂಪಿನಲ್ಲಿ ದೋಸೆ ಮಾಡ್ತಾರಂತೆ.

ಬ್ರೇಕಿನ ವಿಷಯಕ್ಕೆ ಬರ್ತೀನಿ, ಯಾಕೆಂದರೆ ನನಗೆ ಭಯ ಇರೋದು ಅಲ್ಲೇ. ಮೋಟರ್‌ಹೋಮಿನ ಬ್ರೇಕನ್ನು ಅದರ ಸ್ವಂತ ತೂಕಕ್ಕೆ ಅಂತ ಕೊಟ್ಟಿರುತ್ತಾರೆ. ಹಿಂದೆ ಎರಡು ಟನ್ ಜೀಪ್ ನೇತಾಡಿದರೆ ಅದನ್ನ ನಿಲ್ಲಿಸೋರು ಯಾರು? ಜೀಪಿನ ಎಂಜಿನ್ ಆಫ್ ಆಗಿರುತ್ತೆ, ಒಳಗೆ ಯಾರೂ ಇರುವುದಿಲ್ಲ. ಅದಕ್ಕೇ ಅಲ್ಲಿ ಎಳೆಸಿಕೊಳ್ಳುವ ಗಾಡಿಗೂ ಬೇರೆ ಬ್ರೇಕ್ ವ್ಯವಸ್ಥೆ ಮಾರುತ್ತಾರೆ. ಜೀಪಿನ ಪೆಡಲ್ ಮುಂದೆ ಒಂದು ಪೆಟ್ಟಿಗೆ ಕೂರಿಸುವುದು, ಮುಂದಿನ ಗಾಡಿ ಬ್ರೇಕ್ ಹಾಕಿದ ಕೂಡಲೇ ಅದು ಜೀಪಿನ ಪೆಡಲನ್ನೂ ಒತ್ತುತ್ತೆ. ಜೊತೆಗೆ ಒಂದು ಸಣ್ಣ ವೈರ್. ಅಕಸ್ಮಾತ್ ಜೀಪ್ ಕಳಚಿಕೊಂಡರೆ ಆ ವೈರ್ ಪಿನ್ ಎಳೆದು, ಜೀಪ್ ತಾನಾಗಿ ಬ್ರೇಕ್ ಹಾಕಿಕೊಂಡು ನಿಲ್ಲುತ್ತೆ. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೈಲರಿಗೆ ಸ್ವಂತ ಬ್ರೇಕ್ ಇರಲೇಬೇಕು. ಜೀಪಿಗೆ ಕಾನೂನು ಕೇಳಲಿ ಬಿಡಲಿ, ನಾನಾಗಿದ್ದರೆ ಅದಿಲ್ಲದೆ ಗೇಟು ದಾಟುತ್ತಿರಲಿಲ್ಲ.

ಅದರಲ್ಲೂ ಇವನಿರೋದು ಕೊಲರಾಡೊ. ಅಲ್ಲಿ ಐ-70 ಹೈವೇಯಲ್ಲಿ ಐಸೆನ್‌ಹೋವರ್ ಸುರಂಗ ಅಂತ ಇದೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರ. ನಮ್ಮ ಕೊಡಚಾದ್ರಿ 1,343 ಮೀಟರ್, ಹೋಲಿಸಿಕೊಳ್ಳಿ. ಸುರಂಗದ ಎರಡೂ ಕಡೆ ಮೈಲುಗಟ್ಟಲೆ ಇಳಿಜಾರು. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿ ಮಾಡಿಟ್ಟಿದ್ದಾರೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಸೋಮೇಶ್ವರದಲ್ಲಿ ನಿಂತಾಗ ಒಂದು ವಾಸನೆ ಬರುತ್ತಲ್ಲ, ಬ್ರೇಕ್ ಲೈನರ್ ಸುಟ್ಟ ವಾಸನೆ, ಅದು ಎಲ್ಲ ದೇಶದಲ್ಲೂ ಒಂದೇ ಇರಬೇಕು. ಬ್ರೇಕ್ ಬಿಸಿಯಾದಷ್ಟೂ ಹಿಡಿತ ಕಡಿಮೆ. ವೇಗ ಎರಡರಷ್ಟಾದರೆ ನಿಲ್ಲಿಸಲು ಬೇಕಾದ ಶಕ್ತಿ ನಾಲ್ಕರಷ್ಟು. ಹುಲಿಕಲ್ ಘಾಟಿಯಲ್ಲಿ ಓಡಾಡುವ ಹಳೇ ಲಾರಿ ಡ್ರೈವರುಗಳು ಹೇಳುವುದು ಒಂದೇ ಮಾತು, ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಆಟೋಮ್ಯಾಟಿಕ್ ಆದರೂ ಅಷ್ಟೇ, ಕೆಳಗಿನ ಗೇರಿಗೆ ಹಾಕಿ ಎಂಜಿನ್ ಹಿಡಿಯಲು ಬಿಡಬೇಕು.

ಇನ್ನೊಂದು, ನಾಲ್ಕೂ ಚಕ್ರ ನೆಲದ ಮೇಲಿಟ್ಟು ಯಾವ ಗಾಡಿ ಬೇಕಾದರೂ ಎಳೆಯೋಕೆ ಆಗುವುದಿಲ್ಲ. ಅವನ ರ್‍ಯಾಂಗ್ಲರ್ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸನ್ನು, ಅಂದರೆ ಗೇರ್‌ಬಾಕ್ಸಿನ ಶಕ್ತಿಯನ್ನ ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯನ್ನು, ನ್ಯೂಟ್ರಲ್ ಮಾಡಬಹುದು, ಹಾಗಾಗಿ ಚಕ್ರ ತಿರುಗಿದರೂ ಗೇರ್‌ಬಾಕ್ಸ್ ತಿರುಗುವುದಿಲ್ಲ. ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಬಹಳಷ್ಟು ಆಟೋಮ್ಯಾಟಿಕ್ ಕಾರುಗಳಲ್ಲಿ ಎಂಜಿನ್ ಆಫ್ ಇದ್ದರೆ ಆಯಿಲ್ ಪಂಪೂ ಬಂದ್, ಗೇರ್‌ಬಾಕ್ಸ್ ಒಣಗಿದ ಹಾಗೆ ತಿರುಗಿ ಸುಟ್ಟುಹೋಗುತ್ತೆ. ಕಂಪನಿಯ ಮ್ಯಾನುಯಲ್‌ನಲ್ಲಿ ಎಳೆಯಬಹುದು ಅಂತ ಬರೆದಿದ್ದರೆ ಮಾತ್ರ ಎಳೆಯಬೇಕು. ಕಟ್ಟಿಕೊಂಡ ಮೇಲೆ ರಿವರ್ಸ್ ಹೋಗುವ ಮಾತೇ ಇಲ್ಲ, ಜೀಪಿನ ಮುಂದಿನ ಚಕ್ರ ಅಡ್ಡಾದಿಡ್ಡಿ ತಿರುಗಿ, ಎರಡು ಗಾಡಿಗಳನ್ನ ಜೋಡಿಸುವ ಟೋ ಬಾರ್ ಸೊಟ್ಟ ಆಗುತ್ತೆ. ದಾರಿ ತಪ್ಪಿದರೆ ಇಳಿದು, ಬಿಚ್ಚಿ, ತಿರುಗಿಸಿ, ಮತ್ತೆ ಕಟ್ಟಬೇಕು.

ಇದನ್ನೆಲ್ಲ ಕೇಳುತ್ತಿದ್ದ ಶಿವಮೊಗ್ಗದ ನನ್ನ ಸ್ನೇಹಿತನಿಗೆ ತಲೆಗೆ ಹುಳ ಬಿಟ್ಟ ಹಾಗಾಯಿತು. ಟೆಂಪೋ ಟ್ರಾವೆಲರ್ ಒಂದನ್ನ ಕ್ಯಾಂಪರ್ ಮಾಡಿಸಿ, ಹಿಂದೆ ಹಳೇ ಜೀಪ್ ಕಟ್ಟಿಕೊಂಡು ಕೊಡಚಾದ್ರಿಗೆ ಹೋಗೋಣ ಅಂದ. ಇಲ್ಲಿ ಆಗಲ್ಲ ಮಾರಾಯ. ನಮ್ಮ ರಸ್ತೆ ನಿಯಮದಲ್ಲಿ ಕೆಟ್ಟು ನಿಂತ ಗಾಡಿಯನ್ನ ಎಳೆಯಬಹುದು, ಅದೂ ಗಂಟೆಗೆ 25 ಕಿಲೋಮೀಟರ್ ಒಳಗೆ, ಎರಡು ಗಾಡಿಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇಲ್ಲದ ಹಾಗೆ. ಸುಮ್ನೆ ಟೂರಿಗೆ ಅಂತ ಸರಿ ಇರೋ ಜೀಪನ್ನ ಎಳೆದುಕೊಂಡು ಹೋಗೋ ಹಾಗಿಲ್ಲ. ನಿಟ್ಟೂರಿನಲ್ಲಿ ಬಾಡಿಗೆ ಜೀಪ್ ಸಿಗುತ್ತೆ, ಆ ದಾರಿ ಆ ಡ್ರೈವರುಗಳಿಗೇ ಇರಲಿ ಅಂತ ಹೇಳಿ ಸಮಾಧಾನ ಮಾಡಿದೆ.

ಸೆಪ್ಟೆಂಬರಿನಲ್ಲಿ ವಾಟ್ಸಾಪಿಗೆ ಒಂದು ಫೋಟೋ ಬಂತು. ಹೈವೇ ಪಕ್ಕ ಲಾರಿಗಳು ನಿಲ್ಲುವ ಜಾಗದಲ್ಲಿ ತೂಕ ಮಾಡಿಸಿದ ಚೀಟಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿ ಕೊಡುತ್ತಾರೆ, ಅದು ಒಳ್ಳೇದು, ಒಟ್ಟು ತೂಕ ಸರಿ ಇದ್ದು ಒಂದೇ ಆಕ್ಸಲ್ ಮೇಲೆ ಭಾರ ಕೂತಿದ್ದರೂ ಗೊತ್ತಾಗುತ್ತೆ. ಮೋಟರ್‌ಹೋಮ್ 21,640. ಅಂದರೆ ಉಳಿದದ್ದು 4,360. ಜೀಪ್ ಬರೀ ಮೈಯಲ್ಲೇ 4,450, ಒಳಗಿನ ಸಾಮಾನು ಸೇರಿ 4,600. 240 ಪೌಂಡ್ ಜಾಸ್ತಿ! ನಮ್ಮ ಪಿಕಪ್ಪಿನಲ್ಲಿ ಬಂದಿದ್ದೂ 240, ಅದು ಕೆಜಿ ಅಷ್ಟೇ.

ಟ್ಯಾಂಕಿನ ಮುಕ್ಕಾಲು ಭಾಗ ನೀರು ಖಾಲಿ ಮಾಡಿದನಂತೆ. ಕ್ಯಾಂಪಿನಲ್ಲಿ ನಲ್ಲಿ ಇರುತ್ತೆ, ಅಲ್ಲೇ ತುಂಬಿಸಿಕೊಂಡರೆ ಆಯ್ತು. ಅಷ್ಟಕ್ಕೇ 500 ಪೌಂಡ್ ಇಳಿಯಿತು. ಜೀಪಿಗೆ ಬ್ರೇಕ್ ಪೆಟ್ಟಿಗೆಯನ್ನೂ ಹಾಕಿಸಿದ. ಇಷ್ಟಾದ ಮೇಲೂ ಧೈರ್ಯಕ್ಕೆ ಅಂತ ಇನ್ನೊಂದಷ್ಟು ಸಾಮಾನು ಇಳಿಸಿ ಮನೆಯಲ್ಲೇ ಬಿಟ್ಟು ಹೋದ.

ಅದೇ ಸಂಜೆ ಅಕ್ಕನ ಫೋನು. ಬ್ರೇಕೂ ಕೇಳಲಿಲ್ಲ, ಇಳಿಜಾರೂ ಕೇಳಲಿಲ್ಲ.

"ಅಲ್ವೋ, ಗ್ರೈಂಡರ್ ಇಳಿಸು ಅಂತ ಹೇಳಿಕೊಟ್ಟಿದ್ದು ನೀನೇ ಅಂತೆ?"