ಅಲ್ಲಾಡ್ಬೇಡ ಕಣೋ

1985ರಲ್ಲಿ ಮೈಸೂರಿನ ಚಿತ್ರಕಲಾ ಕಾಲೇಜು ಕಾವಾ ಸೇರಿದಾಗ ಮಾಡೆಲ್‌ಗೆ ಕೊಡುವಷ್ಟು ದುಡ್ಡು ನಮ್ಮ ಹತ್ತಿರ ಎಲ್ಲಿತ್ತು? ಸಂಜೆ ಹೊತ್ತು ನನ್ನ ಗೆಳೆಯನೇ ಕೂರುತ್ತಿದ್ದ. ಸಂಬಳ ಒಂದು ಮಸಾಲೆ ದೋಸೆ. ಸುಮ್ನೆ ಕೂರುವ ಪ್ರಾಣಿ ಅಲ್ಲ ಅವನು. ಐದು ನಿಮಿಷಕ್ಕೆ ಕತ್ತು ತುರಿಸುತ್ತಿದ್ದ, ಹತ್ತು ನಿಮಿಷಕ್ಕೆ ದೋಸೆ ನೆನಪಿಸುತ್ತಿದ್ದ. ನನ್ನ ಆಗಿನ ಸ್ಕೆಚ್ ಪುಸ್ತಕಗಳಲ್ಲಿ ದೇವರಾಜ ಮಾರ್ಕೆಟ್ಟಿನ ಬಾಳೆಗೊನೆ, ಹೂವಿನವರು ಬಿಟ್ಟರೆ ಉಳಿದದ್ದೆಲ್ಲ ಅವನ ಮೂಗು.

ಭಾನುವಾರ ಜಗನ್ಮೋಹನ ಅರಮನೆಗೆ ಹೋಗುತ್ತಿದ್ದೆವು. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಅವನು ನಿಂತರೆ ನಿಂತೇಬಿಟ್ಟ. ಬೆರಳ ಸಂದಿಯಲ್ಲಿ ಕೆಂಪಗೆ ತೂರುವ ಆ ಬೆಳಕನ್ನು ಕಲಾವಿದ ಹಲ್ದಂಕರ್ ಜಲವರ್ಣದಲ್ಲಿ ತಂದಿದ್ದಾರೆ. ತಪ್ಪಿದರೆ ಮುಚ್ಚಿಹಾಕಲು ಆಗದ ಬಣ್ಣ ಅದು. ಅವರ ಮಗಳೇ ಎದುರು ನಿಂತಿದ್ದು ಎಂದು ಗೊತ್ತಾದಾಗ, 'ಹಾಗಾದ್ರೆ ಸುಲಭ ಅಲ್ವಾ, ದಿನಾ ನೋಡೋ ಮುಖ' ಅಂದಿದ್ದೆ. ಎಂಥ ಪೆದ್ದು ಮಾತು ಅಂತ ಹೋದ ವರ್ಷ ಗೊತ್ತಾಯಿತು.

ವಯಸ್ಸು 60 ಹತ್ತಿರ ಬಂದಾಗ ಅವನನ್ನು ಎಣ್ಣೆಬಣ್ಣದಲ್ಲಿ ಬರೆಯಬೇಕು ಅನಿಸಿತು. ನೇರ ಬಿಸಿಲು ಬೀಳದ ಉತ್ತರದ ಕಿಟಕಿ ಪಕ್ಕ ಕೂರಿಸಿದೆ. ಟರ್ಪೆಂಟೈನಿನಲ್ಲಿ ತೆಳುಮಾಡಿದ ಬರ್ನ್ಟ್ ಅಂಬರ್ ಅನ್ನೋ ಕಂದು ಬಣ್ಣದಿಂದ ಕಣ್ಣು, ಮೂಗು, ದವಡೆಯ ಜಾಗ ಗುರುತು ಹಾಕಿದೆ. ಮೂರು ಭಾನುವಾರ ಬಣ್ಣ ಹಚ್ಚಿದೆ. ಹೋಲಿಕೆ ಬಂತು. ಆದರೂ ಏನೋ ಸರಿಯಿಲ್ಲ. ಮೇಷ್ಟ್ರು ಕಲಿಸಿದ ಹಳೇ ಉಪಾಯ, ಕ್ಯಾನ್ವಾಸಿಗೆ ಬೆನ್ನು ಮಾಡಿ ಕನ್ನಡಿ ಹಿಡಿದು ನೋಡಿದೆ. ಕನ್ನಡಿಯಲ್ಲಿದ್ದವನಿಗೆ 22 ವರ್ಷ! ತಲೆ ನರೆತಿತ್ತು, ನಿಜ. ಆದರೆ ದವಡೆ ಬಿಗಿ, ರೆಪ್ಪೆ ಹಗುರ. ಎದುರಿಗಿದ್ದವನನ್ನು ನಾನು ನೋಡಿರಲೇ ಇಲ್ಲ. ಕೈ ಬಾಯಿಪಾಠ ಒಪ್ಪಿಸಿತ್ತು.

ಕೆರೆದು ತೆಗೆದೆ. ಕಣ್ಣು ಕಿರಿದು ಮಾಡಿಕೊಂಡು, ಅದು ಅವನ ಮುಖ ಅನ್ನುವುದನ್ನೇ ಬಿಟ್ಟು, ಬರೀ ಬೆಳಕು ನೆರಳು ನೋಡಿದೆ. ಕಣ್ಣ ಕೆಳಗಿನ ಚೀಲದ ನೆರಳಿಗೆ ತುಸು ಹಸಿರು ಬೇಕಿತ್ತು. ಅದನ್ನು ಹಚ್ಚಲು ಮನಸ್ಸೇ ಬರಲಿಲ್ಲ. ಹಚ್ಚಿದೆ.

ಓದು ಮುಗಿಸಿ ಅವನು ಬೋರ್ಡ್ ಬರೆಯಲು ಹೋಗಿದ್ದ. ಅಂಗಡಿ ಹೆಸರು, ಲಾರಿ ಹಿಂದಿನ ಸಾಲು. ಆಮೇಲೆ ಫ್ಲೆಕ್ಸ್ ಬಂತು, ಕೆಲಸ ಹೋಯಿತು. ಚಿತ್ರ ಮುಗಿದ ದಿನ ತುಂಬ ಹೊತ್ತು ನೋಡಿ, 'ಅಪ್ಪನ ಥರ ಆಗೋಗಿದೀನಿ' ಅಂದ. ಮೂಲೆಯಲ್ಲಿದ್ದ ನನ್ನ ಸಹಿ ಕಂಡು ನಕ್ಕ. 'ಅವತ್ತಿಂದ್ಲೂ ಇದೇ ಸೊಟ್ಟ.' ಹಸಿ ಬಣ್ಣವನ್ನು ಬಟ್ಟೆಯಲ್ಲಿ ಒರೆಸಿದ. ಸಣ್ಣ ಬ್ರಷ್ ತೆಗೆದುಕೊಂಡು, ಗೀಟು ಹಾಕದೆ, ನನ್ನ ಹೆಸರು ಬರೆದ. ಅಷ್ಟು ಹೊತ್ತೂ ಅವನು ಅಲ್ಲಾಡಲಿಲ್ಲ.