ಅರಬೈಲ್ ಘಟ್ಟದಾಚೆ ಎರಡು ದಿನ

ವಿಜಯಪುರದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿದ್ದ ನಾವು ನಾಲ್ವರು ಗೆಳೆಯರು, ಸಂಸಾರ ಸಮೇತರಾಗಿ, ನಮ್ಮೂರನ್ನು ಹಾದುಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು, ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಅರಬೈಲ್ ಘಟ್ಟವನ್ನಿಳಿದು, ಆ ಹೆದ್ದಾರಿ ಕೊನೆಗೊಳ್ಳುವ ಅಂಕೋಲೆಯ ಕಡೆಯಿಂದ ಗೋಕರ್ಣವನ್ನು ತಲುಪಿದೆವು. ಘಟ್ಟದ ತಿರುವುಗಳಲ್ಲಿ ಮಕ್ಕಳಿಗಿಂತ ಹೆಚ್ಚು ವಾಂತಿ ಮಾಡಿಕೊಂಡವನು ನಾನೇ ಎಂಬುದನ್ನು ಒಪ್ಪಿಕೊಳ್ಳಬೇಕು. ಮಹಾಬಲೇಶ್ವರನ ದರ್ಶನವಾಯಿತು. ಓಂ ಕಡಲತೀರದಲ್ಲಿ, ಆಲಮಟ್ಟಿಯ ಹಿನ್ನೀರಿಗಿಂತ ದೊಡ್ಡ ನೀರನ್ನು ಅದುವರೆಗೆ ಕಂಡಿರದ ನನ್ನ ಅವ್ವ, ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ಬೊಗಸೆ ನೀರನ್ನು ನಾಲಿಗೆಗೆ ಮುಟ್ಟಿಸಿ, ‘ಇಷ್ಟ ನೀರಿದ್ರೂ ಒಂದ ಎಕರೆ ಜ್ವಾಳಕ್ಕ ಬರಂಗಿಲ್ಲಲ್ಲೋ ತಮ್ಮಾ’ ಎಂದು ನಿಜವಾಗಿಯೇ ನೊಂದುಕೊಂಡಳು. ಸೂರ್ಯ ಕಡಲಿಗಿಳಿಯುವ ಹೊತ್ತಿಗೆ ನಾವು ಊರಿನಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಗಂಟನ್ನು ಬಿಚ್ಚಿದೆವು; ಕಡಲ ಗಾಳಿಗೆ ರೊಟ್ಟಿ ಆಗಲೇ ಮೆತ್ತಗಾಗಿತ್ತು.